ನಾಗಿಯ ಹೆಸರಿನ ಸೋಬಾನೆ

೧೨-೫-೧೯೮೩, ಗುರುವಾರ. ತಾವರೆಕೆರೆ.

ಇವತ್ತು ಮಗಳು ಗಿರಿಜಳಿಗೆ ಅರಿಶಿನ ಹಚ್ಚುವಾಗ ಹೆಂಗಸರು ಹಾಡಲಿಲ್ಲ, ಟೇಪ್ ರೆಕಾರ್ಡರ್ ಹಾಡಿತು. ತಂದವನು ನನ್ನ ತಮ್ಮ ಕ್ಯಾತಣ್ಣ. ಕೊಳಾಲದ ನಾಗಿಯ ಮದುವೆಯಲ್ಲಿ ನಮ್ಮೂರ ಜುಂಜಕ್ಕ ಹೇಳಿದ್ದ ಸೋಬಾನೆಯನ್ನು ಅದರಲ್ಲಿ ಹಿಡಿದಿಟ್ಟುಕೊಂಡಿದ್ದ. ಇನ್ನು ಮನೆಮನೆಗೂ ಈ ಪೆಟ್ಟಿಗೆ ಬರುತ್ತದೆಂದು ಪೇಪರಿನಲ್ಲಿ ಓದಿದ್ದೆ. ಕಾಲೇಜಿನಲ್ಲಿ 'ಸೈನ್ಸ್ ಅಂಡ್ ಸಿವಿಲೈಜೇಶನ್' ಎಂದು ಎಸ್ಸೇ ಬರೆದವನಲ್ಲವೇ, ಅದನ್ನೇ ಹಾಕೋಣವೆಂದು ಅವನು ಕೇಳಿದಾಗ ಹೂಂ ಅಂದುಬಿಟ್ಟೆ. ಸೋಬಾನೆಯಲ್ಲಿ ಮದುವಣಗಿತ್ತಿಯ ಹೆಸರು ಬರುತ್ತದೆನ್ನುವುದು ಯಾರಿಗೂ ಹೊಳೆಯಲಿಲ್ಲ. ಅರಿಶಿನ ನನ್ನ ಮಗಳ ಕೆನ್ನೆಗೆ, ಪೆಟ್ಟಿಗೆ ಹರಸಿದ್ದು "ನಾಗಮ್ಮ ನೂರ್ಕಾಲ ಬಾಳಲಿ" ಎಂದು. ಆ ನಾಗಿ ಗಂಡನ ಮನೆ ಬಿಟ್ಟು ತವರಿಗೆ ಬಂದು ಕೂತಿದ್ದಾಳೆ.

"ಗಿರಿಜನ ಹೆಸ್ರು ಹಾಕಿ ನೀನೇ ಒಂದ್ಸಾರಿ ಹೇಳ್ಬುಡಕ್ಕ" ಎಂದು ಜುಂಜಕ್ಕನನ್ನು ಬೇಡಿದೆ.

"ನನ್ಗೆ ವೀಳ್ಯ ಕೊಟ್ಟು ಕರೆದ್ಯಾ? ಇಂಗ್ಲೀಸು ಓದ್ದೋನು ಕಣಪ್ಪ ನೀನು. ಆ ಪೆಟ್ಗೆಗೇ ಎಲೆ‍ಅಡ್ಕೆ ಕೊಟ್ಟು ಹೇಳುಸ್ಕೊ" ಎಂದು ಸೆರಗು ಕೊಡವಿ ಹೋದಳು.

ಬೆಳಗಾದರೆ ಧಾರೆ. ಹರಕೆ ಹೆಸರು ನೋಡಿ ತಟ್ಟುತ್ತದೆಯೇ? ಸೂಪರ್‌ಸ್ಟಿಷನ್ ಎನ್ನುತ್ತಿದ್ದವನು ನಾನೇ, ಆದರೂ ನಿದ್ದೆ ಹತ್ತುತ್ತಿಲ್ಲ.

ಈಗಷ್ಟೇ ಒಳಮನೆಯಲ್ಲಿ ಗಿರಿಜ ಅದೇ ಸೋಬಾನೆಯನ್ನು ಸಣ್ಣಗೆ ಹೇಳಿಕೊಳ್ಳುತ್ತಿದ್ದಳು, ನಾಗಮ್ಮನ ಜಾಗದಲ್ಲಿ ತನ್ನ ಹೆಸರಿಟ್ಟು. ತನಗೆ ತಾನೇ ಹರಸಿಕೊಳ್ಳುವುದು ಎಲ್ಲಿಯಾದರೂ ಉಂಟೇ? ಅವಳವ್ವ ಇದ್ದಿದ್ದರೆ... ಗಂಡಸರು ಹೇಳುವ ಹಾಡಲ್ಲ ಅದು. ಹೊಸಿಲಾಚೆ ನಿಂತು "ಸೋಬಾನವೇ" ಎಂದು ದನಿ ಕೂಡಿಸಿದೆ. ಅವಳು ತಟಕ್ಕನೆ ನಿಲ್ಲಿಸಿ, ಮತ್ತೆ ಮೊದಲಿನಿಂದ ದನಿಯೆತ್ತಿ ಶುರುಮಾಡಿದಳು.