ಕರ್ಜತ್‌ನಲ್ಲಿ ಇಳಿದ ವಾರಿಜಾ

ಕುರ್ಲಾ, ಮುಂಬಯಿ
ರವಿವಾರ, ೧೫ ಡಿಸೆಂಬರ್ ೧೯೫೭

ಚಿರಂಜೀವಿ ಶೀಲಾವತಿಗೆ ನಿನ್ನವ್ವ ನೀಲಾವತಿ ಮಾಡುವ ಆಶೀರ್ವಾದಗಳು.

ನಾನೂ ನಿಮ್ಮಪ್ಪನೂ ಇಲ್ಲಿ ಆರೋಗ್ಯದಿಂದಿದ್ದೇವೆ. ನಿನ್ನ ಎರಡು ಪತ್ರಗಳೂ ಮುಟ್ಟಿವೆ. ಎರಡನೆಯದನ್ನು ಸಿಟ್ಟಿನಲ್ಲಿ ಬರೆದಿದ್ದೀಯೆಂದು ಅಕ್ಷರ ನೋಡಿಯೇ ಗೊತ್ತಾಯಿತು. ತಡವಾದುದಕ್ಕೆ ಬೇಸರ ಮಾಡಿಕೊಳ್ಳಬೇಡ. ಶಾಲೆಯಲ್ಲಿ ಪರೀಕ್ಷೆ, ಮನೆಯಲ್ಲಿ ಒಂದಿಷ್ಟು ಓಡಾಟ, ಹೀಗೆ ದಿನ ಹೋದವು. ಧಾರವಾಡದಲ್ಲಿ ಚಳಿ ಹೆಚ್ಚಾಗಿದೆ ಎಂದು ಬರೆದಿದ್ದೀ. ಟ್ರೇನಿಂಗ್ ಕಾಲೇಜಿನವರು ಕೊಟ್ಟ ಕಂಬಳಿ ಸಾಲದಿದ್ದರೆ ತಿಳಿಸು, ನನ್ನದನ್ನು ಕಳಿಸುತ್ತೇನೆ. ಇಲ್ಲಿ ಬೆವರು ಇನ್ನೂ ನಿಂತಿಲ್ಲ.

ಜನವರಿಯಲ್ಲಿ ನೀನು ನಾಲ್ಕನೆಯ ಇಯತ್ತೆಗೆ ಭೂಗೋಳದ ಮಾದರಿ ಪಾಠ ಮಾಡಬೇಕು, ವಿಷಯ ‘ನಮ್ಮ ರಾಜ್ಯ, ನೆರೆಯ ರಾಜ್ಯ’, ನಾನು ಹೇಗೆ ಮಾಡುತ್ತೇನೆ ಬರೆದು ಕಳಿಸು ಎಂದು ಕೇಳಿದ್ದೀ. ಇಲ್ಲಿಯ ಕನ್ನಡ ಶಾಲೆಯಲ್ಲಿ ನನ್ನ ತರಗತಿಯ ಪಾಡು ನಿನಗೆ ಗೊತ್ತೇ ಇದೆ. ಗೋಡೆಯ ಮೇಲೆ ಇನ್ನೂ ಹಳೆಯ ನಕಾಶೆಯೇ ತೂಗುತ್ತಿದೆ. ಅದರಲ್ಲಿ ವಿಜಾಪುರಕ್ಕೂ ಮುಂಬಯಿಗೂ ಒಂದೇ ಹಳದಿ ಬಣ್ಣ. ಉಡುಪಿ ಮಂಗಳೂರಿಗೆ ಮದ್ರಾಸಿನ ಗುಲಾಬಿ ಬಣ್ಣ. ಹೋದ ವರ್ಷ ನವೆಂಬರಿನಲ್ಲಿ ರಾಜ್ಯಗಳನ್ನು ಹೊಸದಾಗಿ ಹಂಚಿದ ಮೇಲೆ ವಿಜಾಪುರವೂ ಉಡುಪಿಯೂ ಮೈಸೂರು ರಾಜ್ಯಕ್ಕೆ ಸೇರಿದವು. ಇತ್ತ ಕಛ್, ಸೌರಾಷ್ಟ್ರ, ನಾಗಪುರ ಎಲ್ಲ ಮುಂಬಯಿ ರಾಜ್ಯಕ್ಕೆ ಬಂದವು. ಹೊಸ ಪುಸ್ತಕ ಇನ್ನೂ ಬಂದಿಲ್ಲ. ಮಕ್ಕಳು ‘ನಮ್ಮೂರು ಎಲ್ಲಿಗೆ ಹೋಯ್ತ್ರಿ ಟೀಚರ್?’ ಎಂದು ಕೇಳುತ್ತಾರೆ. ಊರು ಎಲ್ಲಿಗೂ ಹೋಗಿಲ್ಲ, ಇದ್ದಲ್ಲೇ ಇದೆ, ಗೆರೆ ಮಾತ್ರ ಬೇರೆ ಕಡೆ ಎಳೆದಿದ್ದಾರೆ ಎಂದು ಮೊದಲು ತಿಳಿಸಬೇಕು. ನೀನೂ ಅಲ್ಲಿಂದಲೇ ಶುರು ಮಾಡು.

ಅದಕ್ಕೂ ಮೊದಲು ನಲ್ಲಿಯನ್ನು ತೋರಿಸು. ನಾನು ಮಕ್ಕಳನ್ನು ಚಾಳದ ನಲ್ಲಿಯ ಹತ್ತಿರ ನಿಲ್ಲಿಸಿ, ಈ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುತ್ತೇನೆ. ಎಲ್ಲರೂ ‘ಪೈಪಿನಿಂದ’ ಎನ್ನುತ್ತಾರೆ. ಪೈಪಿನ ಹಿಂದೆ ಹೋಗೋಣ ಎಂದರೆ ಠಾಣೆ ಜಿಲ್ಲೆಯ ತಾನ್ಸಾ ಕೆರೆಗೆ ಮುಟ್ಟುತ್ತೇವೆ. ಗಿರಣಿಯ ಹತ್ತಿಯ ಹಿಂದೆ ಹೋದರೆ ಖಾನದೇಶ, ವಿದರ್ಭ, ಗುಜರಾತ. ಮುಂಬಯಿ ಒಂದು ಕಾಲಕ್ಕೆ ಏಳು ಬೇರೆ ಬೇರೆ ದ್ವೀಪಗಳಾಗಿತ್ತು, ನಡುವಿನ ಸಮುದ್ರವನ್ನು ಕಲ್ಲುಮಣ್ಣು ಹಾಕಿ ತುಂಬಿ ಒಂದು ಮಾಡಿದರು ಎಂದರೆ ಅವರು ಕಾಲ ಕೆಳಗಿನ ನೆಲವನ್ನು ಮುಟ್ಟಿ ನೋಡುತ್ತಾರೆ. ಧಾರವಾಡದ ಮಕ್ಕಳಿಗೆ ನೀನು ಧಾರವಾಡದ್ದೇ ಏನಾದರೂ ಹುಡುಕಿಕೊ.

ಆಮೇಲೆ ನನ್ನ ಗಾಡಿ ಆಟ. ಬೆಂಚುಗಳನ್ನು ಒಂದರ ಹಿಂದೆ ಒಂದು ಇಟ್ಟು ಮಕ್ಕಳನ್ನು ಕೂಡಿಸಿ, ದಿನಕ್ಕೊಬ್ಬರ ಊರಿಗೆ ಹೋಗುತ್ತೇವೆ. ಯಾರ ಊರೋ ಅವರೇ ಗಾರ್ಡು. ಕಲ್ಯಾಣದಲ್ಲಿ ಹಳಿ ಎರಡು ಕಡೆ ಒಡೆಯುತ್ತದೆ, ಒಂದು ನಾಸಿಕದ ಕಡೆ, ಒಂದು ಪುಣೆಯ ಕಡೆ. ಕರ್ಜತ್‌ನಲ್ಲಿ ಗಾಡಿಗೆ ಹಿಂದಿನಿಂದ ಇನ್ನೊಂದು ಎಂಜಿನ್ ಹಚ್ಚಿ ಘಟ್ಟದ ಮೇಲೆ ದೂಡುತ್ತಾರೆ. ಇದನ್ನೆಲ್ಲ ಆಟದಲ್ಲಿ ಕಲಿತವರು ಮರೆಯುವುದಿಲ್ಲ. ಮರೆಯುವುದಿಲ್ಲ ಎಂಬುದಕ್ಕೆ ಈ ಸಲ ಏನಾಯಿತೆಂದು ಹೇಳಲೇಬೇಕು.

ನನ್ನ ತರಗತಿಯಲ್ಲಿ ವಾರಿಜಾ ಎಂಬ ಹುಡುಗಿ ಇದ್ದಾಳೆ. ಉಡುಪಿಯ ಕಡೆಯವಳು. ಅವಳ ತಂದೆ ಚೆನ್ನಯ ಮಾಟುಂಗದ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ, ಇರುವುದೂ ಅಲ್ಲೇ. ಹುಡುಗಿ ಕುರ್ಲಾದ ಚಾಳದಲ್ಲಿ ಸೋದರತ್ತೆ ಸೇವಂತಿಯ ಹತ್ತಿರ ಇರುತ್ತಾಳೆ. ತಾಯಿ ಬಾಣಂತನಕ್ಕೆಂದು ಬೇಸಿಗೆಯಲ್ಲಿ ಊರಿಗೆ ಹೋದವಳು. ‘ಮಳೆ ನಿಂತ ಮೇಲೆ ಅಮ್ಮ ಬರ್ತಾಳೆ’ ಎಂದು ವಾರಿಜಾ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಮಳೆ ನಿಂತಿತು, ದೀಪಾವಳಿ ಕಳೆಯಿತು, ತಾಯಿ ಬರಲಿಲ್ಲ. ಅವಳ ಸರದಿ ಬಂದಾಗ ನಾವು ಉಡುಪಿಗೆ ಹೋದೆವು. ಪುಣೆಯಲ್ಲಿ ಇಳಿದು ಸಣ್ಣ ಹಳಿಯ ಗಾಡಿ. ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಅಲ್ಲಿಂದ ಬಸ್ಸಿನಲ್ಲಿ ಶಿರಸಿಯ ಘಟ್ಟ ಇಳಿದು ಕುಮಟಾ. ಮುಂದೆ ಸಮುದ್ರದ ಪಕ್ಕದ ದಾರಿ, ನಡುವೆ ದೊಡ್ಡ ಹೊಳೆಗಳಿಗೆ ಸೇತುವೆ ಇಲ್ಲದಲ್ಲಿ ದೋಣಿ. ಹುಡುಗಿ ಗಾರ್ಡಿನ ಹಾಗೆ ಎದ್ದು ನಿಂತು ಒಂದೊಂದು ಊರನ್ನೂ ಎರಡೆರಡು ಸಲ ಹೇಳಿಸಿಕೊಂಡಳು. ಎಷ್ಟು ಆಸಕ್ತಿ ಎಂದು ನಾನು ಹಿಗ್ಗಿದೆ.

ಮರುದಿನ ಹಾಜರಿ ಕೂಗಿದಾಗ ವಾರಿಜಾ ಇರಲಿಲ್ಲ. ಜ್ವರವಿರಬೇಕೆಂದು ನಾನು ಪಾಠಕ್ಕೆ ಹೊರಟೆ. ಅವಳ ಪಕ್ಕ ಕೂಡುವ ರುದ್ರವ್ವ, ನಮ್ಮ ಇಂಡಿ ಕಡೆಯ ಹುಡುಗಿ, ಎದ್ದು ನಿಂತಳು.

‘ಟೀಚರ್, ವಾರಿಜಾ ಉಡುಪಿಗಿ ಹೋಗ್ಯಾಳ್ರಿ.’

‘ಯಾರ ಜೋಡಿ?’

‘ಒಬ್ಬಾಕಿನ ರೀ. ಲೋಕಲ್ ಹಿಡದು ಕಲ್ಯಾಣಕ್ಕ ಹೋಗಿ ಪುಣೆ ಗಾಡಿ ಹತ್ತತೀನಿ ಅಂದಳ್ರಿ. ಅವ್ವನ್ನ ಕರಕೊಂಡು ಬರ್ತೀನಿ, ಯಾರಿಗೂ ಹೇಳಬ್ಯಾಡ ಅಂದಿದ್ದಳ್ರಿ.’

ಹೆಡ್‌ಮಾಸ್ತರರಿಗೆ ತರಗತಿ ಒಪ್ಪಿಸಿ ಸೇವಂತಿಯ ಮನೆಗೆ ಓಡಿದೆ. ಆಕೆ ಅಕ್ಕಿ ಆರಿಸುತ್ತ ಕುಳಿತಿದ್ದಳು.

‘ಅಯ್ಯೋ ದೇವರೇ! ಬೆಳಿಗ್ಗೆ ಗಂಜಿ ಉಂಡು ಶಾಲೆಗೇಂತ ಹೋದವಳು ಟೀಚರೇ’ ಎಂದು ಮೊರ ಬಿಟ್ಟು ಎದ್ದಳು.

ಶಾಲೆಯ ಸಿಪಾಯಿಯನ್ನು ಮಾಟುಂಗಕ್ಕೆ ಅಟ್ಟಿ, ನಾನು ಕುರ್ಲಾ ಸ್ಟೇಶನ್ನಿನಲ್ಲಿ ಮಾಸ್ತರರ ಮುಂದೆ ನಿಂತೆ. ಒಳ್ಳೆಯ ಮನುಷ್ಯ. ಒಂದು ಮಾತೂ ಬೈಯದೆ ಕಲ್ಯಾಣಕ್ಕೆ ಫೋನ್ ಮಾಡಿದ. ಅಲ್ಲಿಯವರು ಯಾರನ್ನೂ ನೋಡಿರಲಿಲ್ಲ. ಅಷ್ಟರಲ್ಲಿ ಚೆನ್ನಯ ಬಂದ. ಹೋಟೆಲಿನ ಬನಿಯನ್ನಿನಲ್ಲೇ ಬಂದಿದ್ದ, ಮೊಣಕೈಗೆ ಹಿಟ್ಟು ಅಂಟಿತ್ತು. ಅವನು ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ನಡೆದಾಡಿದ. ಬಹಳ ಹೊತ್ತಿನ ಮೇಲೆ ಫೋನ್ ಬಂತು. ಕರ್ಜತ್‌ನಲ್ಲಿ ಒಬ್ಬ ಹುಡುಗಿ ಸಿಕ್ಕಿದ್ದಾಳೆ, ಹಸಿರು ಲಂಗ, ಕೈಯಲ್ಲಿ ಬಟ್ಟೆಯ ಗಂಟು, ಹೆಸರು ವಾರಿಜಾ.

ನಾವಿಬ್ಬರೂ ಮುಂದಿನ ಗಾಡಿ ಹತ್ತಿದೆವು. ಠಾಣೆ ದಾಟುವವರೆಗೆ ಚೆನ್ನಯ ಕಿಟಕಿಯ ಹೊರಗೆ ನೋಡುತ್ತಿದ್ದ. ನಾನೇ ಬಾಯಿ ಬಿಟ್ಟೆ. ‘ಅಲ್ಲಪ್ಪ, ಹೆಂಡತಿಗೆ ಒಂದು ಕಾಗದ ಹಾಕಿ ಬೇಗ ಬಾ ಅನ್ನಬಾರದೇನು? ಕೂಸು ಹಂಬಲಿಸಿ ಹಿಂಗ ಹೋಗೇದ.’

ಅವನು ನನ್ನ ಕಡೆ ತಿರುಗಿದ. ‘ಅವಳು ಇಲ್ಲ ಟೀಚರೇ’ ಎಂದ. ‘ಆಟಿ ತಿಂಗಳ ಮಳೆಯಲ್ಲಿ ಹೋದಳು. ಹೆರಿಗೆಯಲ್ಲಿ. ಹೊಳೆ ತುಂಬಿ ದೋಣಿ ಬಿಡಲಿಲ್ಲಂತೆ, ಡಾಕ್ಟ್ರು ಬರ್ಲಿಕ್ಕಾಗ್ಲಿಲ್ಲ. ಮಗು ಉಳಿದಿದೆ, ಗಂಡು. ನಮ್ಮ ಅತ್ತೆಯ ಹತ್ತಿರ ಇದೆ.’

‘ವಾರಿಜಾಗೆ?’

‘ಹೇಗೆ ಹೇಳುವುದು? ಮೊದಲು ಚೌತಿ ಕಳೀಲಿ ಅಂದೆವು. ಮತ್ತೆ ದೀಪಾವಳಿ ಕಳೀಲಿ ಅಂತ ಆಯ್ತು. ದಿನಾ ನಾಳೆ ಹೇಳುವ, ನಾಳೆ ಹೇಳುವ ಅಂತ.’

‘ಇವತ್ತು ಹೇಳಬೇಕು. ಈಗಲೇ, ಆಕಿ ಕೇಳೂಕಿಂತ ಮೊದಲ’ ಎಂದೆ. ನನ್ನ ದನಿ ಗಟ್ಟಿಯಾಗಿತ್ತೆಂದು ಕಾಣುತ್ತದೆ, ಎದುರಿಗೆ ಕೂತ ಮೀನಿನ ಬುಟ್ಟಿಯ ಹೆಂಗಸು ನಮ್ಮನ್ನೇ ನೋಡಿದಳು. ಚೆನ್ನಯ ತಲೆ ಅಲ್ಲಾಡಿಸಿದ. ‘ನೀವೇ ಹೇಳಿ ಟೀಚರೇ. ನಿಮ್ಮ ಮಾತನ್ನು ಅವಳು ನಂಬ್ತಾಳೆ’ ಎಂದ. ನಾನು ಒಪ್ಪಲಿಲ್ಲ.

ಕರ್ಜತ್‌ನಲ್ಲಿ ವಾರಿಜಾ ಸ್ಟೇಶನ್ ಮಾಸ್ತರರ ಕೋಣೆಯಲ್ಲಿ ಸ್ಟೂಲಿನ ಮೇಲೆ ಕುಳಿತು ಬಿಸ್ಕೀಟು ತಿನ್ನುತ್ತಿದ್ದಳು. ಪುಣೆಯ ಗಾಡಿಯಲ್ಲಿ ಇಲ್ಲಿಯವರೆಗೆ ಸರಿಯಾಗಿಯೇ ಬಂದಿದ್ದಾಳೆ. ಹಿಂದೆ ಎಂಜಿನ್ ಹಚ್ಚುತ್ತಾರೆ ಎಂದು ನಾನು ಹೇಳಿದ್ದನ್ನು ನೋಡಲು ಕೆಳಗಿಳಿದು ಗಾಡಿಯ ತುದಿಗೆ ಓಡಿದ್ದಾಳೆ. ಅವಳು ಬಾಯಿ ತೆರೆದು ನೋಡುತ್ತಿದ್ದಂತೆಯೇ ಗಾಡಿ ಹೊರಟುಹೋಗಿದೆ. ಮಾಸ್ತರರು ನಗುತ್ತ ಮರಾಠಿಯಲ್ಲಿ ಇದನ್ನು ಹೇಳಿದರು. ನನಗೆ ನಗು ಬರಲಿಲ್ಲ. ಅವಳು ಇಳಿಯದೇ ಇದ್ದಿದ್ದರೆ ಪುಣೆಯಂಥ ಊರಿನಲ್ಲಿ ಅವಳನ್ನು ಎಲ್ಲಿ ಹುಡುಕಬೇಕಿತ್ತು?

ಅವಳಿಗೆ ಹೆದರಿಕೆಯೂ ಇರಲಿಲ್ಲ. ‘ಟೀಚರ್, ನೀವು ಹೇಳಿದ ಹಾಗೇ ಉಂಟು! ಎಂಜಿನ್ ಹಿಂದಿಂದ ದೂಡ್ತದೆ!’ ಎಂದಳು. ಆಮೇಲೆ ತಂದೆಯನ್ನು ನೋಡಿ, ‘ಅಪ್ಪ, ನೀವೂ ಬಂದ್ರಾ? ಹಾಗಾದರೆ ಒಟ್ಟಿಗೆ ಹೋಗುವಾ’ ಎಂದು ಗಂಟನ್ನು ಎತ್ತಿಕೊಂಡು ನಿಂತಳು.

ಚೆನ್ನಯ ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂಡಿಸಿದ. ತಾನು ನೆಲದ ಮೇಲೆ ಕುಳಿತ. ತುಳುವಿನಲ್ಲಿ ಮಾತಾಡಿದ. ನನಗೆ ತುಳು ಬಾರದು. ಅಪ್ಪೆ ಎಂದರೆ ತಾಯಿ ಎಂಬುದಷ್ಟೇ ಗೊತ್ತು. ಆ ಮಾತು ಒಂದು ಸಲ ಕೇಳಿಸಿತು. ಹುಡುಗಿ ಅಳಲಿಲ್ಲ. ತನ್ನ ಹಸಿರು ಲಂಗವನ್ನು ಎರಡು ಕೈಯಿಂದ ಹಿಡಿದು ಏನೋ ಕೇಳಿದಳು. ಅವನು ತಲೆ ತಗ್ಗಿಸಿ ಒಂದೇ ಮಾತಿನಲ್ಲಿ ಉತ್ತರ ಕೊಟ್ಟ. ಅವಳು ಎದ್ದು ಬಂದು ನನ್ನ ಮಗ್ಗುಲಲ್ಲಿ ನಿಂತಳು, ಅವನ ಕಡೆ ಮತ್ತೆ ನೋಡಲಿಲ್ಲ.

ಏನು ಕೇಳಿದಳೆಂದು ಅವನು ಆಮೇಲೆ ಹೇಳಿದ. ಚೌತಿಗೆ ಹೊಸ ಲಂಗ ಕೊಟ್ಟು, ಅಮ್ಮ ಊರಿನಿಂದ ಕಳಿಸಿದ್ದು ಎಂದಿದ್ದರಂತೆ. ‘ಹಾಗಾದರೆ ಈ ಲಂಗ ಎಲ್ಲಿಯದು?’ ಎಂದು ಕೇಳಿದಳಂತೆ. ‘ದಾದರಿನದು’ ಎಂದನಂತೆ.

ಹಿಂದಿರುಗುವಾಗ ಅವಳು ನನ್ನ ಪಕ್ಕ ಕುಳಿತಳು. ಬದಲಾಪುರ ದಾಟಿದ ಮೇಲೆ ಒಮ್ಮೆಲೇ ಅಳು ಬಂತು, ಅತ್ತು ಅತ್ತು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಚೆನ್ನಯ ಎದುರಿನ ಸೀಟಿನಲ್ಲಿ ಕುಳಿತು ಅವಳ ಗಂಟನ್ನು ಬಿಚ್ಚಿ ನೋಡಿದ. ಎರಡು ಜೋಡಿ ಬಟ್ಟೆ, ಒಂದು ಬಾಚಣಿಗೆ, ತಮ್ಮನೋ ತಂಗಿಯೋ ಹುಟ್ಟಿದವರಿಗೆಂದು ಒಂದು ಗಿಲಕಿ. ಅವನು ಅದನ್ನು ಸದ್ದಾಗದಂತೆ ಮತ್ತೆ ಕಟ್ಟಿದ.

ನಾಲ್ಕು ದಿನ ಅವಳು ಅವನೊಡನೆ ಮಾತಾಡಲಿಲ್ಲ. ಚೆನ್ನಯ ದಿನವೂ ಸಂಜೆ ಹೋಟೆಲಿನ ಕೆಲಸ ಅರ್ಧಕ್ಕೆ ಬಿಟ್ಟು ಕುರ್ಲಾಕ್ಕೆ ಬಂದು ಬಾಗಿಲಲ್ಲಿ ಕುಳಿತಿರುತ್ತಿದ್ದ ಎಂದು ಸೇವಂತಿ ಹೇಳಿದಳು. ಐದನೆಯ ದಿನ ಹುಡುಗಿಯೇ ‘ತಮ್ಮನನ್ನು ನೋಡಬೇಕು’ ಎಂದಳಂತೆ. ಮಾಲಕರನ್ನು ಕೇಳಿ ರಜೆ ಪಡೆದು, ಹೋದ ವಾರ ಮಗಳನ್ನು ಕರೆದುಕೊಂಡು ಊರಿಗೆ ಹೊರಟ. ನಾನು ದಾದರಿಗೆ ಹೋಗಿದ್ದೆ. ಕಿಟಕಿಯಲ್ಲಿ ಇಬ್ಬರೂ ಪಕ್ಕಪಕ್ಕ ಕುಳಿತಿದ್ದರು. ‘ಕರ್ಜತ್‌ನಲ್ಲಿ ಇಳೀಬ್ಯಾಡವ್ವ’ ಎಂದೆ. ‘ಇಲ್ಲ ಟೀಚರ್, ಈಗ ನೋಡಿ ಆಗಿದೆ’ ಎಂದಳು. ತಿರುಗಿ ಬರುತ್ತಾಳೋ, ಅಜ್ಜಿಯ ಹತ್ತಿರ ತಮ್ಮನೊಂದಿಗೆ ಉಳಿಯುತ್ತಾಳೋ ಚೆನ್ನಯನಿಗೇ ಗೊತ್ತಿಲ್ಲ. ಹಾಜರಿಯಲ್ಲಿ ಅವಳ ಹೆಸರನ್ನು ನಾನು ಇನ್ನೂ ತೆಗೆದಿಲ್ಲ.

ನೀನು ಗಾಡಿ ಆಟ ಆಡಿಸು. ನಾನೂ ಬಿಟ್ಟಿಲ್ಲ. ಆದರೆ ಒಂದು ಊರಿಗೆ ಹೊರಡುವ ಮೊದಲು ಆ ಊರಿನಲ್ಲಿ ಮಗುವಿಗೆ ಯಾರಿದ್ದಾರೆ ಎಂದು ಮನೆಯವರನ್ನು ಕೇಳಿ ತಿಳಿದುಕೊ. ಊರು ಎಂದ ಕೂಡಲೇ ಮಕ್ಕಳಿಗೆ ಮೊದಲು ನೆನಪಾಗುವುದು ಅಲ್ಲಿರುವ ಜನ, ಬೆಳೆಯೂ ನದಿಯೂ ಆಮೇಲೆ. ಪಾಠದ ದಿನ ದನಿ ಎತ್ತಿ ಮಾತಾಡು, ಹಿಂದಿನ ಬೆಂಚಿಗೆ ಕೇಳಿಸಬೇಕು. ನಕಾಶೆಗೆ ಬೆನ್ನು ಹಾಕಿ ನಿಲ್ಲಬೇಡ. ಬಸವಣ್ಣ ನಿನಗೆ ಒಳ್ಳೆಯದು ಮಾಡಲಿ, ಆಯುಷ್ಯ ಆರೋಗ್ಯ ಕೊಟ್ಟು ಕಾಪಾಡಲಿ.

ಇಂತಿ ನಿನ್ನ ಪ್ರೀತಿಯ ಅವ್ವ,
ನೀಲಾವತಿ

ತಾ.ಕ.: ಕಾಗದ ಮಡಚಿದೆ, ಅಂಟಿಸಲು ಕೈ ಬರಲಿಲ್ಲ. ಶೀಲಾ, ನಿಮ್ಮಪ್ಪನ ತಾಯಿ, ನಾನು ಟ್ರೇನಿಂಗಿನಲ್ಲಿದ್ದಾಗ ನಿನ್ನನ್ನು ಇಂಡಿಯಲ್ಲಿ ಇಟ್ಟುಕೊಂಡು ಸಾಕಿದ ನಿನ್ನ ರಾಚವ್ವಜ್ಜಿ, ದೀಪಾವಳಿ ಕಳೆದ ವಾರವೇ ತೀರಿಕೊಂಡರು. ತಾರು ಬಂದ ಕೂಡಲೇ ನಿಮ್ಮಪ್ಪ ಸೊಲ್ಲಾಪುರದ ಗಾಡಿ ಹತ್ತಿ ಹೋದರು, ಆದರೂ ಮಣ್ಣು ಮಾಡುವ ಹೊತ್ತಿಗೆ ಮುಟ್ಟಲಿಲ್ಲ. ‘ಅಕಿ ಪಾಠ ಮುಗೀಲಿ, ಆಮ್ಯಾಲ ಹೇಳಿದ್ರಾತು’ ಎಂದರು. ನಾನೂ ಹೂಂ ಎಂದೆ. ಗಾಡಿಯಲ್ಲಿ ಚೆನ್ನಯನಿಗೆ ‘ಈಗಲೇ ಹೇಳು’ ಎಂದಾಗ ಈ ಸುದ್ದಿ ನನ್ನ ಹೊಟ್ಟೆಯಲ್ಲೇ ಇತ್ತು. ನಿನಗೆ ಪತ್ರ ಬರೆಯದೆ ಇದ್ದುದು ಇದಕ್ಕೇ. ನಿಮ್ಮಪ್ಪನನ್ನು ಕೇಳದೆ ಬರೆಯುತ್ತಿದ್ದೇನೆ, ಅವರ ಮೇಲೆ ಸಿಟ್ಟಾಗಬೇಡ. ಹೋಗಬೇಕೆನಿಸಿದರೆ ಪಾಠ ಬಿಟ್ಟಾದರೂ ಹೋಗು. ಹುಬ್ಬಳ್ಳಿಯಲ್ಲಿ ಸೊಲ್ಲಾಪುರದ ಗಾಡಿ ಹತ್ತಿದರೆ ಗದಗ, ಬಾಗಲಕೋಟೆ, ವಿಜಾಪುರ ದಾಟಿದ ಮೇಲೆ ಇಂಡಿ. ಕೊನೆಯ ದಿನ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಬಾಗಿಲಲ್ಲಿ ಯಾರ ಕಾಲಸಪ್ಪಳ ಕೇಳಿದರೂ ‘ಶೀಲಾ ಬಂದಿಯೇನವ್ವಾ?’ ಎನ್ನುತ್ತಿದ್ದರಂತೆ.