ಸಿಳ್ಳೆ ಹಾಕದ ಮಾರ್ಮಟ್

ಮೈದುನ ಗಾಲ್ಸನನಿಗೆ ಅತ್ತಿಗೆ ದುಲ್ಮಾಳ ಆಶೀರ್ವಾದ.

ನೀನು ಮಾಂಸಕ್ಕೆಂದು ಕಳಿಸಿದ ಮಾರ್ಮಟ್ ತಲುಪಿತು; ಬಿಲದ ಅಳಿಲಾದರೂ ಬೆಕ್ಕಿಗಿಂತ ದಪ್ಪಗಿತ್ತು. ಲಾರಿಯ ಒಚಿರ್ ಅದನ್ನು ಡೇರೆಯ ಬಾಗಿಲಲ್ಲಿಟ್ಟು, "ಒಂದೇ ಗುಂಡಂತೆ ಅಕ್ಕ! ಗಾಲ್ಸನ್ ಹತ್ರ ಹೋದ್ರೂ ಬಿಲದ ಬಾಯಲ್ಲೇ ಕೂತಿತ್ತಂತೆ. ಸಿಳ್ಳೇನೂ ಹಾಕ್ಲಿಲ್ಲ, ಓಡ್ಲೂ ಇಲ್ವಂತೆ," ಎಂದು ನಿನ್ನ ಪ್ರತಾಪ ಸಾರಿದ.

ಬೇಟೆಗಾರ ಚಮರೀಬಾಲದ ಕುಚ್ಚು ಬೀಸಿದಾಗ ಎದ್ದು ನಿಂತು ಸಿಳ್ಳೆ ಹಾಕದ ಮಾರ್ಮಟ್ಟಿಗೆ ಪ್ಲೇಗ್ ಇರುತ್ತದೆ, ಅದರ ತಂಟೆಗೆ ಹೋಗಬಾರದು ಎಂದು ನಿಮ್ಮಣ್ಣ ನಿನಗೆ ಕಲಿಸಿರಲಿಲ್ಲವೇ? ಕೋಲಿನಿಂದ ಹೊರಳಿಸಿ ನೋಡಿದೆ. ಗುಂಡಿನ ತೂತು ಎಲ್ಲೂ ಇಲ್ಲ. ಕೈಯಿಂದಲೇ ಹಿಡಿದೆಯೋ, ಸತ್ತು ಬಿದ್ದದ್ದನ್ನೇ ಎತ್ತಿಕೊಂಡೆಯೋ? ಅದನ್ನು ಆಳವಾಗಿ ಹೂತು, ನಾಯಿಯನ್ನು ಕಟ್ಟಿಹಾಕಿದ್ದೇನೆ.

ಇನ್ನೂ ಒಂದು ಅನುಮಾನ. ಮಾಂಸ ತಂದಾಗಲೆಲ್ಲ ಉಪ್ಪು ಚಹಾದ ಪಾತ್ರೆ ಬರಿದಾಗುವವರೆಗೆ ಏಳದವನು ಈ ಸಲ ಬರಲೇ ಇಲ್ಲವೇಕೆ? ಕೇಳಿದ್ದಕ್ಕೆ ಒಚಿರ್, "ಜ್ವರ ಅಂತ ಮಲಗಿದಾನೆ, ಕುಡಿದಿದ್ದು ಹೆಚ್ಚಾಗಿರ್ಬೇಕು," ಎಂದು ನಕ್ಕ. ನನಗೆ ನಗು ಬರಲಿಲ್ಲ.

ಮಾರ್ಮಟ್ ಸಿಗಿಯುವಾಗ ಅದರ ಕಂಕುಳಿನ ಗಂಟನ್ನು "ಇದು ಮನುಷ್ಯನ ಮಾಂಸ" ಎಂದು ತೆಗೆದು ಎಸೆಯುತ್ತೇವಲ್ಲ, ಈಗ ನಿನ್ನ ಕಂಕುಳನ್ನು ಮುಟ್ಟಿ ನೋಡಿಕೋ. ನೋಯುವ ಗಂಟಿದ್ದರೆ ಹೆಂಡತಿ ಮಕ್ಕಳನ್ನು ಹತ್ತಿರ ಸೇರಿಸಬೇಡ. ಒಚಿರ್ ಈ ಪತ್ರವನ್ನು ನಿನ್ನ ಡೇರೆಯ ಹೊರಗೆ ಕಲ್ಲಿನಡಿ ಇಟ್ಟು ಕೂಗುತ್ತಾನೆ. ಅವನನ್ನು ಒಳಗೆ ಕರೆಯಬೇಡ. ಮಾರ್ಮಟ್ ಹೊತ್ತು ತಂದವನು, ತಾನೂ ವೈದ್ಯರಿಗೆ ತೋರಿಸಿಕೊಂಡು ಅವರನ್ನು ನಿನ್ನಲ್ಲಿಗೆ ಕರೆತರುತ್ತಾನೆ.

ನನಗೆ ಹೇಳಿ ಕಳಿಸಿದ ಗುಂಡಿನ ಸುಳ್ಳನ್ನು ಅವರಿಗೂ ಹೇಳಬೇಡ, ಗಾಲ್ಸನ್.

ನೀನು ಎದ್ದು ಕೂತ ಮೇಲೆ ಬೈಯಲಿರುವ,
ದುಲ್ಮಾ