ತೋಟಕ್ಕೆಲ್ಲ ಕಟ್ಟಿದ ಮುಡಿಪು

ಕಮಲಾಪುರ
ಸೋಮವಾರ, ೩ ಮಾರ್ಚ್ ೨೦೨೫

ಪ್ರೀತಿಯ ಅತ್ತೆಮ್ಮನವರಿಗೆ,

ಸುಕನ್ಯಾಳ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಯಶವಂತನಗರದ ಕೆಂಪು ಧೂಳಿಗೆ ನಿಮಗೆ ಕೆಮ್ಮು ಹತ್ತಿದೆ ಎಂದು ರಮಾ ಹೇಳಿದಳು. ಅದಿರಿನ ಲಾರಿ ಓಡಾಡುವ ಹೊತ್ತಿಗೆ ಕಿಟಕಿ ಹಾಕಿಕೊಳ್ಳಿ, ಮಲಗುವ ಮುಂಚೆ ಬಿಸಿನೀರಿಗೆ ಚೂರು ಶುಂಠಿ ಜಜ್ಜಿ ಹಾಕಿ ಕುಡಿಯಿರಿ. ಕಿವಿಗೆ ಹಾಕುವ ಮಷೀನು ಮಾತ್ರ ಇನ್ನೂ ಡಬ್ಬಿಯಲ್ಲೇ ಇದೆಯಂತೆ. ಅದು ಕಿವಿಯಲ್ಲಿದ್ದಿದ್ದರೆ ನಾನು ಈ ಕಾಗದ ಬರೆಯಬೇಕಾಗಿರಲಿಲ್ಲ. ಫೋನಿನಲ್ಲಿ ನಾನು ಊರಿಗೆ ಬನ್ನಿ ಎಂದರೆ ನೀವು ‘ಹೂಂ, ಊಟ ಆತು’ ಅನ್ನುತ್ತೀರಿ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ನಿಮ್ಮ ಕೈಬಿಟ್ಟಿಲ್ಲವಲ್ಲ, ಕನ್ನಡಕ ಹಾಕಿಕೊಂಡು ನಿಧಾನವಾಗಿ ನೀವೇ ಓದಿಕೊಳ್ಳಿ. ರಮಾಳ ಕೈಗೆ ಕೊಡಬೇಡಿ. ಅಣ್ಣನ ಸುದ್ದಿ ಬಂದ ಕಡೆಯೆಲ್ಲ ಅವಳು ತಾನೊಬ್ಬಳೇ ನಕ್ಕು ಮುಂದಕ್ಕೆ ಹೋಗಿಬಿಡುತ್ತಾಳೆ. ಈ ಕಾಗದದ ತುಂಬ ಅವಳ ಅಣ್ಣನದೇ ಸುದ್ದಿ.

ಆ ಮದುವೆಗೆಂದು ನಾವೆಲ್ಲ ಬೀಗ ಹಾಕಿ ಹೊಸಪೇಟೆಗೆ ಹೋಗಬಾರದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಹಾಡಹಗಲಲ್ಲೇ ಕಳ್ಳರು ಬಾಳೆತೋಟದೊಳಗಿಂದ ಬಂದು ಅಡುಗೆಮನೆಯ ಹೆಂಚು ಸರಿಸಿ ಇಳಿದರು. ಹಿತ್ತಾಳೆ ಕೊಡಗಳ ಜೊತೆಗೆ ನಿಮ್ಮ ತಾಯಿ ಕೊಟ್ಟ ಬೆಳ್ಳಿ ಕಡಗವನ್ನೂ ಒಯ್ದರು. ಅದಾದ ಮೇಲೆ ಆಗಾಗ ತೋಟದ ಗೊನೆಗಳೂ ಮಾಯವಾಗತೊಡಗಿದವು. ಬಾಳೆ ಎಲೆ ಅಲುಗಿದ್ದು ಕಂಡರೂ ನೀವು ಎದ್ದು ಕೂಡುತ್ತಿದ್ದಿರಿ. ಕೊನೆಗೆ ಗೇಟಿಗೆ ಕಾವಲಿರುವ ಜಾಗವೇ ವಾಸಿ ಎಂದು ಮಗಳು ರಮಾಳ ಗಣಿ ಕಂಪನಿ ಕ್ವಾರ್ಟರ್ಸಿಗೆ ಹೋದಿರಿ. ಬಸ್ಸು ಹತ್ತುವಾಗ ನಿಮ್ಮ ಮಗನಿಗೆ ನೀವು ಹೇಳಿದ್ದು ಇಷ್ಟೇ: “ಮನಿ ಕಾಯೋದು ಕಲಿ. ಆಮ್ಯಾಲೆ ಕರಿ, ಬರ್ತೀನಿ.” ಆ ಮಾತನ್ನು ಅವರು ಬಹಳ ಮನಸ್ಸಿಗೆ ಹಚ್ಚಿಕೊಂಡರು. ಅವತ್ತಿನಿಂದ ನಿಮ್ಮನ್ನು ಕರೆತರುವುದು ಬಿಟ್ಟು ಅವರ ತಲೆಯಲ್ಲಿ ಬೇರೆ ಯೋಚನೆಯೇ ಇಲ್ಲ.

ಮೊದಲು ಕ್ಯಾಮೆರಾ ಬಂತು. ತೋಟದೊಳಗೆ ಯಾರು ಹೊಕ್ಕರೂ ಮೊಬೈಲು ಕೂಗಬೇಕು, ಅಂಥದ್ದು. ಕೂಗಿತು ನೋಡಿ! ಹಂಪಿ ಕಡೆಯ ಮಂಗಗಳೆಲ್ಲ ನಮ್ಮ ತೋಟಕ್ಕೇ ಹಾಜರಿ ಹಾಕುತ್ತವೆ ಎಂದು ನಮಗೆ ಗೊತ್ತಾಗಿದ್ದೇ ಆಗ. ಪಾಪ ಇವರು ಕಬ್ಬಿನ ಗದ್ದೆಯಲ್ಲಿ ಕೆಲಸ ಬಿಟ್ಟು ಬೈಕ್ ಹತ್ತಿ ಓಡಿ ಬರುವುದು, ಬಂದು ನೋಡಿದರೆ ಎದುರುಮನೆ ಗಾಳೆಮ್ಮನ ಎಮ್ಮೆ. ಒಂದು ದೊಡ್ಡ ಮುಸುವ ಕ್ಯಾಮೆರಾ ಮುಂದೆಯೇ ಕೂತು ಹಲ್ಲು ಕಿರಿದು, ಅದನ್ನು ತಿರುಚಿ ಹೋದ ಮೇಲೆ ಕ್ಯಾಮೆರಾ ಆಕಾಶ ನೋಡುತ್ತ ನಿಂತಿದೆ. ಆಮೇಲೆ ಗೋಡೆಯ ಮೇಲೆ ಗಾಜಿನ ಚೂರು ಬಂತು. ಆಮೇಲೆ ನಾಯಿ ಬಂತು. ನಾಯಿ ಬಹಳ ಒಳ್ಳೆಯದು, ಯಾರು ಬಂದರೂ ಬಾಲ ಅಲ್ಲಾಡಿಸುತ್ತದೆ.

ಕೊನೆಗೆ ಅವರಿಗೆ ನಿಮ್ಮದೇ ಪದ್ಧತಿ ನೆನಪಾಯಿತು. ವರ್ಷವೂ ಮೊದಲು ಗೊನೆ ಹಾಕಿದ ಒಂದು ಗಿಡಕ್ಕೆ ನೀವು ಹುಲಿಗೆಮ್ಮನ ಹೆಸರಲ್ಲಿ ಮುಡಿಪು ಕಟ್ಟುತ್ತಿದ್ದಿರಲ್ಲ, ಅರಿಶಿನ ಬಟ್ಟೆಯಲ್ಲಿ ಅಕ್ಕಿಕಾಳು, ಅಡಿಕೆ ಇಟ್ಟು? ಆ ಗಿಡದ ಹಣ್ಣು ಅಮ್ಮನದು. ತೋಟದಲ್ಲಿ ಎಷ್ಟು ಗೊನೆ ಕಳುವಾದರೂ ಆ ಒಂದು ಗೊನೆಯನ್ನು ಮಾತ್ರ ಕಳ್ಳ ಮುಟ್ಟಿರಲಿಲ್ಲ. ಇದನ್ನು ಕಂಡದ್ದೇ ತಡ, ನಿಮ್ಮ ಮಗನ ಮುಖ ಅರಳಿತು. ಪೇಟೆಗೆ ಹೋಗಿ ಬಿಳಿ ಬಟ್ಟೆಯ ಥಾನನ್ನೇ ತಂದರು. ಹಂಡೆಯಲ್ಲಿ ಅರಿಶಿನ ಕದಡಿದರು. ನಾನು, ಇಷ್ಟೊಂದು ಕಟ್ಟಿದರೆ ಹೇಗೆ ಎಂದು ಕೇಳಿದೆ. ಅಮ್ಮನಿಗೆ ಒಂದು ಗಿಡ ಕಾಯುವುದೂ ಅಷ್ಟೇ, ತೋಟ ಕಾಯುವುದೂ ಅಷ್ಟೇ ಎಂದರು. ಸಂಜೆ ಹೊತ್ತಿಗೆ ಗೊನೆ ಬಿಟ್ಟ ಸುಗಂಧಿ ಬಾಳೆಯ ಗಿಡಗಳೆಲ್ಲ ಕೊರಳಿಗೆ ಹಳದಿ ಕಟ್ಟಿಕೊಂಡು ಮದುಮಕ್ಕಳ ಹಾಗೆ ನಿಂತಿದ್ದವು.

ಸುಳ್ಳು ಯಾಕೆ ಹೇಳಲಿ, ಕಳುವು ನಿಂತುಹೋಯಿತು. ಒಂದು ಕಾಯಿ ಸಹ ಹೋಗಲಿಲ್ಲ. ಗೊನೆಗಳು ದಪ್ಪ ದಪ್ಪ ಬಲಿತವು. ಇನ್ನೇನು ಅವ್ವನನ್ನು ಕರೆತರಲು ಹೊರಡುವುದೇ ಎಂದು ಇವರು ಅಂಗಿ ಇಸ್ತ್ರಿ ಮಾಡಿಸಿಕೊಂಡರು. ಅದರ ಮುಂಚೆ ಗೊನೆ ಕೊಯ್ಯಿಸಿಬಿಡೋಣ ಎಂದು ಎರ್ರಿಯಪ್ಪನನ್ನು ಕರೆಸಿದರು. ಅದೇ, ನಮ್ಮ ಹಣ್ಣನ್ನು ಹೊಸಪೇಟೆ ಮಾರ್ಕೆಟ್ಟಿಗೆ ಒಯ್ಯುವ ಎರ್ರಿಯಪ್ಪ. ಗಾಡಿ ನಿಲ್ಲಿಸಿ, ಆಳುಗಳನ್ನು ಇಳಿಸಿ ಒಳಗೆ ಬಂದವನು ತೋಟ ನೋಡಿ ಅಲ್ಲೇ ಚಪ್ಪಲಿ ಬಿಟ್ಟ. ಕೈ ಮುಗಿದ. ಅವನ ಆಳುಗಳು ಕುಡುಗೋಲನ್ನು ಬೆನ್ನ ಹಿಂದೆ ಇಟ್ಟುಕೊಂಡರು.

“ಲೇ ಹುಲಿಗೇಶ,” ಎಂದ, “ಅಮ್ಮನ ಹೆಸರು ಇಟ್ಕೊಂಡು ಅಮ್ಮನ್ನೇ ಕಾವಲಿಗೆ ಹಚ್ಚೀಯಲ್ಲೋ. ಇದು ಆಕೀ ತ್ವಾಟ ಆತು. ನಾ ಹೆಂಗ ಮಾರ್ಲಿ?”

ಇವರು ಏನೇನೋ ಹೇಳಿ ನೋಡಿದರು. ಕಳ್ಳರನ್ನು ಹೆದರಿಸುವುದಕ್ಕೆ ಕಟ್ಟಿದ್ದು, ನಿಜವಾಗಿ ಬೇಡಿಕೊಂಡು ಕಟ್ಟಿದ್ದಲ್ಲ ಎಂದರು. ಅದಕ್ಕೆ ಎರ್ರಿಯಪ್ಪ, ಹಾಗಾದರೆ ನೀನೇ ಮೊದಲ ಗೊನೆ ಕೊಯ್ಯಿ ಎಂದು ಕುಡುಗೋಲು ಮುಂದೆ ಹಿಡಿದ. ನಿಮ್ಮ ಮಗ ಅದನ್ನು ತೆಗೆದುಕೊಂಡು ಗಿಡದ ಮುಂದೆ ನಿಂತರು. ನಿಂತೇ ಇದ್ದರು. ಅವರು ಹುಟ್ಟಲಿ ಎಂದು ನೀವು ಹುಲಿಗಿಯ ಅಮ್ಮನ ಗುಡಿಯಲ್ಲಿ ಉರುಳುಸೇವೆ ಮಾಡಿದ್ದ ಕಥೆ ಕೇಳಿಕೊಂಡು ಬೆಳೆದವರು, ಅವರ ಕೈ ಹೇಗೆ ಏಳಬೇಕು? ಕುಡುಗೋಲು ತಿರುಗಿ ಕೊಟ್ಟು ಬಂದು ಮನೆಯ ಜಗಲಿಯ ಮೇಲೆ ಕೂತರು. ಗಾಡಿ ಖಾಲಿ ಹೋಯಿತು. ಕಳ್ಳ ಒಯ್ದಿದ್ದರೂ ಒಂದಷ್ಟು ಉಳಿಯುತ್ತಿತ್ತು, ಈಗ ಕಾಪಾಡಿಕೊಂಡು ಎಲ್ಲವನ್ನೂ ಕಳೆದುಕೊಂಡೆ ಎಂದು ಒಂದೇ ಸಮನೆ ಹಲುಬಿದರು. ಊಟಕ್ಕೆ ಏಳಲಿಲ್ಲ. ಅವ್ವನಿಗೆ ಯಾವ ಮುಖ ಇಟ್ಟುಕೊಂಡು ಬಾ ಎಂದು ಹೇಳಲಿ ಎಂದರು.

ಇಂಥದ್ದನ್ನೆಲ್ಲ ಬಲ್ಲವರು ನಮ್ಮ ಓಣಿಯಲ್ಲಿ ಗಾಳೆಮ್ಮ ಒಬ್ಬರೇ. ಹುಣ್ಣಿಮೆ ತಪ್ಪಿಸದೆ ಹುಲಿಗಿಗೆ ಹೋಗುವವರು. ಆದರೆ ಅವರ ಮನೆಯ ಹೊಸ್ತಿಲು ತುಳಿಯಲು ನನಗೆ ಕಾಲು ಬರಲಿಲ್ಲ. ಯಾಕೆಂದು ನಿಮಗೂ ಗೊತ್ತು. ಪೊಲೀಸರು ಯಾರ ಮೇಲಾದರೂ ಅನುಮಾನವಿದೆಯೇ ಎಂದು ಕೇಳಿದಾಗ ನೀವು ಬಾಯಲ್ಲಿ ಏನೂ ಹೇಳಲಿಲ್ಲ, ಆದರೆ ಒಮ್ಮೆ ಅವರ ಬಾಗಿಲ ಕಡೆ ತಿರುಗಿ ನೋಡಿದಿರಿ. ಓಣಿಯೆಲ್ಲ ಅದನ್ನು ಕಂಡಿತು. ಅವತ್ತಿನಿಂದ ಅವರು ಮಾತು ಬಿಟ್ಟಿದ್ದರು. ನೀವು ಗಾಬರಿಯಲ್ಲಿದ್ದಿರಿ, ನಿಮ್ಮದು ತಪ್ಪೆಂದು ಬರೆಯುತ್ತಿಲ್ಲ. ಆದದ್ದು ಹೇಳಿದೆ, ಅಷ್ಟೇ.

ಆದರೂ ಹೋದೆ. ಅವರು ಎಮ್ಮೆಗೆ ಹಿಂಡಿ ಕಲಸುತ್ತಿದ್ದರು. ತಲೆ ಎತ್ತಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಥಾನು, ಹಂಡೆ, ಎರ್ರಿಯಪ್ಪ ಎಂದು ನಾನು ಹೇಳುತ್ತ ಹೋದಂತೆ ಅವರ ಭುಜ ಕುಣಿಯತೊಡಗಿತು. ನಗು ತಡೆಯಲಾರದೆ ಹಿಂಡಿಯ ಕೈಯನ್ನೇ ಬಾಯಿಗೆ ಅಡ್ಡ ಇಟ್ಟುಕೊಂಡರು. ಆಮೇಲೆ ಕೈ ತೊಳೆದು ತೋಟಕ್ಕೆ ಬಂದು, ಒಂದೊಂದೇ ಗಿಡ ಮುಟ್ಟಿ ನೋಡಿ ನಿಮ್ಮ ಮಗನ ಮುಂದೆ ನಿಂತರು.

“ಅಮ್ಮ ಏನು ಹಣ್ಣು ಹೊತ್ಕೊಂಡು ಹೊಕ್ಕಾಳೇನಪ್ಪ? ಆಕೀ ಹಾದಿ ಹಿಡಿದು ನಡಕೊಂಡು ಹೋಗಾರಿಗೆ ಕೊಡು. ಆಕೀಗೆ ಮುಟ್ಟತೈತಿ.”

ಭರತ ಹುಣ್ಣಿಮೆ ಹತ್ತಿರವಿತ್ತು. ಕಂಪ್ಲಿ ಕಡೆಯಿಂದ ಹುಲಿಗಿಗೆ ನಡೆದು ಹೋಗುವ ಜನ ನಮ್ಮ ಗೋಡೆಯ ಪಕ್ಕದಲ್ಲೇ ಹಾಯುತ್ತಾರೆ. ಗಾಳೆಮ್ಮನವರೇ ಮುಂದೆ ನಿಂತು ಮೊದಲ ಗೊನೆ ಕೊಯ್ಯಿಸಿದರು. ಅವರನ್ನು ನೋಡಿ ಓಣಿಯವರೆಲ್ಲ ಬಂದರು. ಗಂಡಸರು ಗೊನೆ ಹೊತ್ತರು, ಹೆಂಗಸರು ಬೇವಿನ ಮರದ ಕೆಳಗೆ ಚಾಪೆ ಹಾಸಿ ಹಣ್ಣು, ನೀರು ಕೊಟ್ಟರು. ಎರ್ರಿಯಪ್ಪನೂ ಬಂದ. ಮಾರುವುದಕ್ಕಾಗದಿದ್ದರೂ ಹೊರುವುದಕ್ಕೆ ಅಡ್ಡಿಯಿಲ್ಲವಂತೆ. ಅಮ್ಮನ ಹೆಸರು ಹೇಳುತ್ತ ಹಣ್ಣು ತಿಂದು ಹೋಗುವವರನ್ನು ನೋಡುತ್ತ ನೋಡುತ್ತ ನಿಮ್ಮ ಮಗನ ಮುಖ ಮೊದಲಿನಂತಾಯಿತು. ಈ ಸಲದ ಬೆಳೆ ಹಾಗೆ ಹೋಯಿತು, ನಿಜ. ಆದರೆ ಮರಿಗಿಡಗಳು ಆಗಲೇ ಎದ್ದಿವೆ, ಕಾಲುವೆಯಲ್ಲಿ ನೀರಿದೆ. ಗಾಳೆಮ್ಮನವರೇ ಪೂಜೆ ಮಾಡಿಸಿ ಗಿಡಗಳ ಮುಡಿಪು ಬಿಚ್ಚಿಸಿ ಹುಲಿಗಿಗೆ ಒಯ್ದು ಒಪ್ಪಿಸಿ ಬಂದರು.

ಜನ ಕೂಡಲು ಅನುಕೂಲವಾಗಲಿ ಎಂದು ಇವರು ಆ ಬೇವಿನ ಮರಕ್ಕೆ ಕಲ್ಲಿನ ಕಟ್ಟೆ ಕಟ್ಟಿದ್ದಾರೆ. ಗಾಜಿನ ಚೂರು ತೆಗೆಸಿದ್ದಾರೆ. ಈಗ ಓಣಿಯ ಹೆಂಗಸರು ಹುಣಸೆಹಣ್ಣು ಬಿಡಿಸುವುದು, ಅಕ್ಕಿ ಆರಿಸುವುದು ಎಲ್ಲ ಅಲ್ಲೇ. ಹೋದ ವಾರ ಹಿತ್ತಾಳೆ ಪಾತ್ರೆಗೆ ಹೊಳಪು ಕೊಡುತ್ತೇನೆಂದು ಒಬ್ಬ ಬಂದ. ನಮ್ಮ ಮನೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಈ ಮನೆಯವರು ಯಾವ ಹೊತ್ತಿಗೆ ಇರುತ್ತಾರೆ ಎಂದು ಕೇಳಿದ. ಗಾಳೆಮ್ಮ ಅವನನ್ನು ಕಟ್ಟೆಯ ಮೇಲೆ ಕೂಡಿಸಿದರು. “ಯಾವೂರಪ್ಪ ನಿಂದು? ಯಾರ ಪೈಕಿ? ಮದಿವಿ ಆಗೇತೇನು? ಹೇಣ್ತಿ ತವರು ಯಾವ್ದು? ಅಲ್ಲಿ ನಮ್ಮ ಬೀಗರು ಅದಾರ, ತಡಿ, ಫೋನ್ ಹಚ್ತೀನಿ.” ಅವನು ನೀರು ಕುಡಿದು ಬರುತ್ತೇನೆಂದು ಎದ್ದವನು ಚೀಲ ಸಹ ತೆಗೆದುಕೊಳ್ಳದೆ ಹೋದ. ಅದು ಇನ್ನೂ ಇಲ್ಲೇ ಇದೆ.

ಮೊದಲಿನ ಕಳ್ಳರು ಸಿಕ್ಕಿಲ್ಲ. ಕಡಗವೂ ಬಂದಿಲ್ಲ. ಇಲ್ಲದ್ದನ್ನು ಬಂದಿದೆ ಎಂದು ಬರೆದು ನಿಮ್ಮನ್ನು ಕರೆಸಿಕೊಳ್ಳುವುದು ನನಗೆ ಬೇಡ. ಆದರೆ ಈಗ ನಾನು ಕೆಲಸಕ್ಕೆ ಹೋಗುವಾಗ ತಿರುಗಿ ನೋಡದೆ ಹೋಗುತ್ತೇನೆ. ನಿನ್ನೆ ಗಾಳೆಮ್ಮ ಹೇಳಿದ್ದನ್ನು ಅವರ ಮಾತಲ್ಲೇ ಬರೆಯುತ್ತೇನೆ: “ನಿಮ್ಮತ್ತಿ ಅವತ್ತು ನೋಡಿದ ನೋಟ ನಾ ಮರ್ತಿಲ್ಲ. ಬರ್ಲಿ, ಎದುರಿಗೆ ಕುಂದ್ರಲಿ, ಮರೀತೀನಿ. ಆಕಿ ಇಲ್ದ ನನಗ ಜಗಳಾಡಾಕ ಯಾರೂ ಇಲ್ಲ.”

ರಮಾಳಿಗೂ ಮಕ್ಕಳಿಗೂ ನಮ್ಮ ನೆನಪು ಹೇಳಿ. ನಮ್ಮ ಮೇಲೆ ನಿಮ್ಮ ಆಶೀರ್ವಾದ ಹೀಗೇ ಇರಲಿ. ಮಷೀನನ್ನು ಡಬ್ಬಿಯಿಂದ ತೆಗೆಯಿರಿ.

ನಿಮ್ಮ ಸೊಸೆ,
ಸುಕನ್ಯಾ

ಮರೆತಿದ್ದೆ: ಇವರು ಕಾಗದ ಕೊಡು ಎಂದು ಬೈಕ್ ಮೇಲೆ ಕೂತು ಕೂಗುತ್ತಿದ್ದಾರೆ, ಬೇಗ ಬರೆಯುತ್ತೇನೆ. ತೋಟಕ್ಕೆಲ್ಲ ಮುಡಿಪು ಕಟ್ಟಿದ ಉತ್ಸಾಹದಲ್ಲಿ ನಿಮ್ಮ ಮಗ ತಲೆಬಾಗಿಲ ಚಿಲಕಕ್ಕೂ ಒಂದು ಮುಡಿಪು ಕಟ್ಟಿದ್ದರು. ಮನೆಗೆ ಹಿರಿಯಳು ಅವ್ವ ಎಂದು ನಿಮ್ಮ ಹೆಸರು ಹೇಳಿ ಕಟ್ಟಿದ್ದರಂತೆ. ಗಿಡದ್ದನ್ನೆಲ್ಲ ಬಿಚ್ಚಿಸಿದ ಗಾಳೆಮ್ಮ ಇದನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಯಾರ ಹೆಸರಲ್ಲಿ ಕಟ್ಟಿದೆಯೋ ಅವರೇ ಬಿಚ್ಚಬೇಕಂತೆ. ಅವತ್ತಿನಿಂದ ನಾವು ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತಿದ್ದೇವೆ. ಗ್ಯಾಸ್ ಸಿಲಿಂಡರೂ ಅಲ್ಲಿಂದಲೇ ಬರುತ್ತದೆ, ಆ ಗಿಡ್ಡ ಬಾಗಿಲಿಗೆ ತಗುಲಿ ಎದ್ದ ಇವರ ಹಣೆಯ ಬುಗುಟು ಇಳಿಯುವುದರೊಳಗೆ ಇನ್ನೊಂದು ಏಳುತ್ತದೆ. ಯುಗಾದಿಗೆ ತಲೆಬಾಗಿಲಿಗೆ ತೋರಣ ಕಟ್ಟಬೇಕು. ಅದರೊಳಗೆ ಬಂದು ಬಾಗಿಲು ತೆಗೆಯಿರಿ, ಅತ್ತೆಮ್ಮ.